ಡ್ರಮ್ಮಿನಲ್ಲಿ ಕಲಸಿದ ಮಾತ್ರಕ್ಕೆ ಆಗುವುದಿಲ್ಲ: ಹುಲ್ಲು ಮತ್ತು ಅಡಿಕೆಯ ಬೇರುಹುಳದ ಜೈವಿಕ ನಿಯಂತ್ರಣ ಕುರಿತು ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಕೃಷಿ ಮತ್ತು ಹೈನು ಅಭಿವೃದ್ಧಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ, ಹಾಗೂ ತೋಟದ ಬೆಳೆಗಳ ಕೀಟಶಾಸ್ತ್ರದಲ್ಲಿ ದುಡಿಯುತ್ತಿರುವ ಗೌರವಾನ್ವಿತ ವಿಜ್ಞಾನಿಗಳಿಗೆ,

ಸಾದರ ವಂದನೆಗಳು.

ನಾನು ಎಣ್ಮಕಜೆ ಸೀಮೆಯ ಒಬ್ಬ ಅಡಿಕೆ ಕೃಷಿಕ; ಹಟ್ಟಿಯಲ್ಲಿ ನಾಲ್ಕಾರು ದನಗಳನ್ನು ಸಾಕಿಕೊಂಡು ಸೊಸೈಟಿಗೆ ಹಾಲು ಹಾಕುವವನು. ಬೇರುಹುಳ, ಅಂದರೆ ಘಟ್ಟದ ಮೇಲಿನವರು ಗೊಣ್ಣೆಹುಳ ಎನ್ನುವ ಆ ಬಿಳಿ ಹುಳ, ನಮ್ಮ ಮೇವಿನ ಹುಲ್ಲನ್ನೂ ಅಡಿಕೆ ಮರಗಳನ್ನೂ ಒಟ್ಟಿಗೆ ಹಾಳುಮಾಡುತ್ತಿರುವ ಬಗ್ಗೆ, ಮತ್ತು ಅದಕ್ಕೆ ಪರಿಹಾರವೆಂದು ಹಂಚಲಾಗುತ್ತಿರುವ ಜೈವಿಕ ಮದ್ದುಗಳನ್ನು ಬಳಸುವ ಕ್ರಮವನ್ನು ಯಾರೂ ಸರಿಯಾಗಿ ತಿಳಿಸದಿರುವ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರವನ್ನು ಬರೆಯುತ್ತಿದ್ದೇನೆ. ಶಿಲೀಂಧ್ರ, ಬ್ಯಾಕ್ಟೀರಿಯಾ, ಜಂತುಹುಳು (ಕೀಟಗಳ ಮೈಹೊಕ್ಕು ಕೊಲ್ಲುವ, ನೆಮಟೋಡ್ ಎಂಬ ಮಣ್ಣಿನ ಸೂಕ್ಷ್ಮ ಹುಳು) ಇವುಗಳಲ್ಲಿ ಎರಡನ್ನು ಜೊತೆಯಾಗಿ ಬಳಸಿದರೆ ಒಂದೊಂದನ್ನೇ ಬಳಸಿದ್ದಕ್ಕಿಂತ ಹೆಚ್ಚು ಹುಳ ಸಾಯಬಹುದು ಎಂಬುದು ಹೊರದೇಶಗಳ ಹುಲ್ಲುಗಾವಲುಗಳಲ್ಲಿ ಸಾಬೀತಾದ ವಿಷಯ. ಆದರೆ ಅಲ್ಲಿ ಫಲ ಕೊಟ್ಟದ್ದು ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ದಿನ ಎಂಬ ಲೆಕ್ಕಾಚಾರ. ನಮಗೆ ಸಿಗುತ್ತಿರುವುದು ಆ ಲೆಕ್ಕಾಚಾರವಿಲ್ಲದ ಪ್ಯಾಕೆಟುಗಳು ಮಾತ್ರ.

ಮೊದಲು ತೋಟದಲ್ಲಿ ಕಾಣುತ್ತಿರುವುದನ್ನು ಹೇಳುತ್ತೇನೆ. ಅಡಿಕೆ ಸಾಲುಗಳ ನಡುವೆ ಮತ್ತು ತೋಟದ ಮೇಲಿನ ಗುಡ್ಡೆಯ ಬದಿಯಲ್ಲಿ ನಮ್ಮಲ್ಲಿ ಹಲವರು ಸಿಓ-3, ಸೂಪರ್ ನೇಪಿಯರ್, ಗಿನಿ ಎಂಬ ಮೇವಿನ ಹುಲ್ಲುಗಳನ್ನು ಬೆಳೆಸುತ್ತೇವೆ. ಸೆಪ್ಟೆಂಬರ್ ಕಳೆಯುವಾಗ, ಮಳೆ ಇನ್ನೂ ನಿಲ್ಲದಿರುವಾಗಲೇ, ಅಲ್ಲೊಂದು ಇಲ್ಲೊಂದು ಬುಡ ನೀರಿಲ್ಲದಂತೆ ಬಾಡುತ್ತದೆ. ಕೈಯಲ್ಲಿ ಹಿಡಿದು ಎಳೆದರೆ ಇಡೀ ಬುಡ ಚಾಪೆಯ ತುಂಡಿನ ಹಾಗೆ ಮೇಲೆ ಬರುತ್ತದೆ. ಕೆಳಗೆ ಬೇರೇ ಇರುವುದಿಲ್ಲ. ಸಡಿಲಾದ ಆ ಮಣ್ಣನ್ನು ಕೆದಕಿದರೆ ಹೆಬ್ಬೆರಳಿನ ದಪ್ಪದ, ಕಂದು ತಲೆಯ, ಕೆನೆಬಣ್ಣದ ಹುಳ ಅರ್ಧಚಂದ್ರದಂತೆ ಮುದುಡಿಕೊಂಡು ಬಿದ್ದಿರುತ್ತದೆ. ಅದರ ಹಿಂಭಾಗದ ತೆಳು ಚರ್ಮದೊಳಗೆ ತಿಂದ ಮಣ್ಣು ಕಪ್ಪಾಗಿ ಕಾಣಿಸುತ್ತದೆ. ಅಡಿಕೆ ಮರದಲ್ಲಿ ಸೋಗೆ ಹಳದಿಯಾಗಿ ತಲೆ ಸಣ್ಣದಾಗುವುದು ಇದಕ್ಕೆ ಬಹಳ ತಡವಾದ ಲಕ್ಷಣ. ಮರಕ್ಕಿಂತ ಮೊದಲು ಹುಲ್ಲು ಸುದ್ದಿ ಕೊಡುತ್ತದೆ.

ಇದಕ್ಕೆ ಕಾರಣವೂ ಇದೆ. ಲ್ಯೂಕೋಫೋಲಿಸ್ ಕುಲಕ್ಕೆ ಸೇರಿದ ಈ ಹುಳದ ದುಂಬಿಗಳು ಮುಂಗಾರಿನ ಮೊದಲ ಮಳೆಗಳಿಗೆ ಮಣ್ಣಿನಿಂದ ಎದ್ದು, ಮುಸ್ಸಂಜೆ ಸ್ವಲ್ಪ ಹೊತ್ತು ಮಾತ್ರ ಹಾರಾಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬಂದ ಎಳೆ ಹುಳ ನೇರವಾಗಿ ಮರದ ಬೇರಿಗೆ ಬಾಯಿ ಹಾಕುವುದಿಲ್ಲ. ಕೊಳೆತ ಸಾವಯವ ಪದಾರ್ಥವನ್ನೂ ಹುಲ್ಲಿನ ನವಿರಾದ ಬೇರನ್ನೂ ತಿಂದು ಬೆಳೆದು, ಎರಡನೆಯ ಮತ್ತು ಮೂರನೆಯ ಹಂತಕ್ಕೆ ಬಂದ ಮೇಲೆ ಅಡಿಕೆ ಮತ್ತು ತೆಂಗಿನ ಬೇರನ್ನು ಹಿಡಿಯುತ್ತದೆ. ಹೀಗಾಗಿ ಸಾಲಿನ ನಡುವಿನ ಹುಲ್ಲೇ ಹುಳ ಬೆಳೆಯುವ ಜಾಗ. ಹುಲ್ಲಿನ ಹಂತದಲ್ಲೇ ಹುಳವನ್ನು ಹಿಡಿದರೆ ಮೇವೂ ಉಳಿಯುತ್ತದೆ, ತೋಟವೂ ಉಳಿಯುತ್ತದೆ. ಆದರೆ ಮೇವಿನ ಬೆಳೆ ಒಂದು ಇಲಾಖೆಗೆ, ಅಡಿಕೆ ಇನ್ನೊಂದಕ್ಕೆ ಸೇರಿರುವುದರಿಂದ ಹುಲ್ಲಿನ ಬುಡದ ಹುಳ ಯಾರ ಕಡತಕ್ಕೂ ಸೇರದೆ ಉಳಿದಿದೆ.

ರಾಸಾಯನಿಕ ಮದ್ದು ಇದೆಯಲ್ಲ ಎಂದು ತಾವು ಕೇಳಬಹುದು. ಅದನ್ನು ಬೇಡವೆನ್ನಲು ಈ ಜಿಲ್ಲೆಯವರಿಗಿರುವ ಕಾರಣ ತಮಗೆ ತಿಳಿಯದ್ದೇನಲ್ಲ. ಗೇರು ತೋಟಗಳ ಚಹಾ ಸೊಳ್ಳೆ ಕೀಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಬೆಟ್ಟಗಳ ಕೆಳಗೆಯೇ ನಮ್ಮ ಮನೆಗಳಿವೆ. ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಲ್ಲಿ ಇಡೀ ದೇಶದಲ್ಲಿ ಆ ಮದ್ದಿನ ತಯಾರಿ, ಮಾರಾಟ, ಬಳಕೆಯನ್ನೇ ನಿಲ್ಲಿಸಿತು. ಬೇರುಹುಳಕ್ಕೆಂದು ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳನ್ನು ಕೇರಳ ಅದೇ ವರ್ಷ ನಿಷೇಧಿಸಿತು, ಇಡೀ ದೇಶದಲ್ಲಿ ಅದು ನಿಂತದ್ದು 2020ರ ಕೊನೆಗೆ; ನಡುವಿನ ವರ್ಷಗಳಲ್ಲಿ ಗಡಿಯಾಚೆಯಿಂದ ಅದು ಹೇಗೆ ಬರುತ್ತಿತ್ತೆಂದು ಇಲ್ಲಿಯ ಯಾವ ಕೃಷಿಕನನ್ನು ಕೇಳಿದರೂ ಹೇಳಿಯಾನು. ಈಗ ಕ್ಲೋರ್‌ಪೈರಿಫಾಸ್ ಮತ್ತು ಇಮಿಡಾಕ್ಲೋಪ್ರಿಡ್ ಎಂಬ ಎರಡು ಹೆಸರು ಅಂಗಡಿಗಳಲ್ಲಿ ಸಲೀಸಾಗಿ ಕೇಳಿಬರುತ್ತವೆ. ಇಮಿಡಾಕ್ಲೋಪ್ರಿಡ್ ಬೇರಿನಿಂದ ಹೀರಲ್ಪಟ್ಟು ಗಿಡದ ಮೈಯೆಲ್ಲ ವ್ಯಾಪಿಸುವ ಮದ್ದು. ಅದನ್ನು ಅಡಿಕೆಯ ಬುಡಕ್ಕೆ ಹಾಕುವುದು ಒಂದು ಮಾತು. ಮರುವಾರ ಕೊಯ್ದು ಹಾಲು ಕರೆಯುವ ದನದ ಮುಂದೆ ಹಾಕುವ ಹುಲ್ಲಿನ ಬುಡಕ್ಕೆ ಹಾಕುವುದು ಬೇರೆಯೇ ಮಾತು.

ಆದ್ದರಿಂದಲೇ ಜೈವಿಕ ಮದ್ದು ಬಂದಾಗ ನಾವು ಅದನ್ನು ಸಂತೋಷದಿಂದ ಸ್ವಾಗತಿಸಿದೆವು. ಆದರೆ ನಮ್ಮ ಸೀಮೆಯಲ್ಲಿ ನಡೆದ ಒಂದು ತರಬೇತಿ ಶಿಬಿರದಲ್ಲಿ ನಾನು ಕಂಡದ್ದನ್ನು ಹೇಳದೆ ಈ ಪತ್ರ ಮುಂದೆ ಹೋಗದು. ಶಿಬಿರ ನಡೆಸಿದವರ ಹೆಸರು ಇಲ್ಲಿ ಬೇಡ; ಒಬ್ಬರ ಮೇಲೆ ದೂರು ಹಾಕುವುದು ನನ್ನ ಉದ್ದೇಶವಲ್ಲ. ಬಂದವರಿಗೆಲ್ಲ ಮೆಟರೈಜಿಯಂ ಪುಡಿ, ಬ್ಯುವೇರಿಯಾ ಪುಡಿ (ಎರಡೂ ಹುಳಕ್ಕೆ ರೋಗ ತರುವ ಶಿಲೀಂಧ್ರಗಳು), ಟ್ರೈಕೋಡರ್ಮಾ (ಗಿಡದ ರೋಗಕ್ಕೆ ಹಾಕುವ ಶಿಲೀಂಧ್ರ) ಮತ್ತು ಜಂತುಹುಳುಗಳ ಒಂದು ಪೊಟ್ಟಣ ಕೊಟ್ಟರು. ನಾಲ್ಕನ್ನೂ ಒಂದು ಡ್ರಮ್ ನೀರಿಗೆ ಹಾಕಿ, ಸೆಗಣಿ ಬಗ್ಗಡ ಮತ್ತು ಬೆಲ್ಲ ಕಲಸಿ, ರಾತ್ರಿಯಿಡೀ ಇಟ್ಟು, ಮರುದಿನ ಬುಡಬುಡಕ್ಕೆ ಹೊಯ್ಯಿರಿ ಎಂದರು. ಬೇರೆ ಬೇರೆ ಸಮಯದಲ್ಲಿ ಹಾಕಬೇಕೇ ಎಂದು ಹಿರಿಯ ಕೃಷಿಕರೊಬ್ಬರು ಕೇಳಿದ್ದಕ್ಕೆ, “ಎಲ್ಲವೂ ಮಿತ್ರಜೀವಿಗಳೇ, ಒಟ್ಟಿಗಿದ್ದರೆ ಬಲ ಜಾಸ್ತಿ” ಎಂಬ ಉತ್ತರ ಬಂತು. ಪ್ಯಾಕೆಟುಗಳು ತಗಡಿನ ಮಾಡಿನ ಕೆಳಗೆ ಒಂದು ಪಿಕಪ್ ವಾಹನದಲ್ಲಿ ಮಧ್ಯಾಹ್ನದವರೆಗೂ ಬಿಸಿಲ ಕಾವಿನಲ್ಲಿದ್ದವು. ಆ ವರ್ಷ ತೋಟಗಳಲ್ಲಿ ಹುಳ ಕಡಿಮೆಯಾಗಲಿಲ್ಲ. ಜೈವಿಕ ಮದ್ದು ಎಂದರೆ ಕೆಲಸಕ್ಕೆ ಬಾರದ್ದು ಎಂಬ ಮಾತು ಮಾತ್ರ ಊರಲ್ಲಿ ಉಳಿಯಿತು. ಈ ನಂಬಿಕೆ ಹೋದದ್ದೇ, ನನ್ನ ದೃಷ್ಟಿಯಲ್ಲಿ, ಹುಳಕ್ಕಿಂತ ದೊಡ್ಡ ನಷ್ಟ.

ಎಲ್ಲವೂ ನಮಗೆ ಮಿತ್ರಜೀವಿಗಳಿರಬಹುದು, ಪರಸ್ಪರ ಮಿತ್ರರಲ್ಲ. ಮೆಟರೈಜಿಯಂ ಎಂಬ ಹಸಿರು ಶಿಲೀಂಧ್ರದ ಬೀಜಕ ಹುಳದ ಚರ್ಮಕ್ಕೆ ಅಂಟಿ, ಮೊಳೆತು, ಚರ್ಮವನ್ನು ಕೊರೆದು ಒಳಗಿಳಿಯುತ್ತದೆ. ಹುಳ ಸಾಯಲು ವಾರಗಳೇ ಬೇಕಾಗಬಹುದು, ಸತ್ತ ಹುಳ ಗಟ್ಟಿಯಾಗಿ ಒಣಗಿ ಮೊದಲು ಬಿಳಿ, ಆಮೇಲೆ ಪಾಚಿಹಸಿರು ಪುಡಿಯಿಂದ ಮುಚ್ಚಿಹೋಗುತ್ತದೆ. ಆ ಪುಡಿಯೇ ಮುಂದಿನ ಪೀಳಿಗೆಯ ಹುಳಕ್ಕೆ ಮದ್ದು. ಜಂತುಹುಳುಗಳ ದಾರಿ ಬೇರೆ. ಅರ್ಧ ಮಿಲಿಮೀಟರಿನಷ್ಟು ಉದ್ದದ ಇವು ಬಾಯಿ, ಗುದದ್ವಾರ, ಉಸಿರಾಟದ ರಂಧ್ರಗಳ ಮೂಲಕ ಹುಳದೊಳಗೆ ಹೋಗಿ, ತಮ್ಮ ಹೊಟ್ಟೆಯಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಅದರ ರಕ್ತಕ್ಕೆ ಬಿಡುತ್ತವೆ. ಕೊಲ್ಲುವುದು ಆ ಬ್ಯಾಕ್ಟೀರಿಯಾ. ಹೆಟರೋರಾಬ್ಡೈಟಿಸ್ ಜಂತುಹುಳುವಿನಿಂದ ಸತ್ತ ಹುಳ ಇಟ್ಟಿಗೆಗೆಂಪಾಗುತ್ತದೆ, ಸ್ಟೈನರ್ನೀಮಾದಿಂದ ಸತ್ತದ್ದು ಕಂದಾಗುತ್ತದೆ; ಎರಡೂ ಕೊಳೆತು ನಾರುವುದಿಲ್ಲ. ನಾರದಿರಲು ಕಾರಣ, ಆ ಬ್ಯಾಕ್ಟೀರಿಯಾ ಬೇರೆ ಸೂಕ್ಷ್ಮಜೀವಿಗಳು ಬೆಳೆಯದಂತೆ ಪ್ರತಿಜೀವಕ ವಸ್ತುಗಳನ್ನು ಸುರಿಸುವುದು. ಅಂದ ಮೇಲೆ ಜಂತುಹುಳು ಮೊದಲು ಹೊಕ್ಕ ಹುಳದಲ್ಲಿ ಮೆಟರೈಜಿಯಂ ಬೆಳೆದು ಬೀಜಕ ಕಟ್ಟುವುದು ಕಷ್ಟ. ಶಿಲೀಂಧ್ರ ಪೂರ್ತಿ ಆವರಿಸಿದ ಹುಳದಲ್ಲಿ ಜಂತುಹುಳುವಿಗೂ ಮರಿಮಾಡಲು ಜಾಗವಿಲ್ಲ. ಟ್ರೈಕೋಡರ್ಮಾ ಅಂತೂ ಬೇರೆ ಶಿಲೀಂಧ್ರಗಳ ಮೇಲೇರಿ ಬದುಕುವ ಸ್ವಭಾವದ್ದು; ರೋಗದ ಶಿಲೀಂಧ್ರಕ್ಕೆ ಅದು ಮದ್ದಾಗಿರುವುದು ಬಹುಮಟ್ಟಿಗೆ ಆ ಸ್ವಭಾವದಿಂದ. ಬೆಲ್ಲದ ಬಗ್ಗಡದಲ್ಲಿ ರಾತ್ರಿಯಿಡೀ ಹುದುಗಿದ ಡ್ರಮ್ಮಿನ ತಳದಲ್ಲಿ ಆಮ್ಲಜನಕವೇ ಇರುವುದಿಲ್ಲ. ನೀರಿನ ತಳಕ್ಕೆ ಇಳಿಯುವ ಜಂತುಹುಳುಗಳು ಅಲ್ಲಿ ಉಸಿರುಕಟ್ಟಿ ಸಾಯದೆ ಇನ್ನೇನು ಮಾಡಿಯಾವು?

ಇದರ ಅರ್ಥ ಎರಡು ಜೀವಿಗಳನ್ನು ಜೊತೆಗೂಡಿಸಬಾರದೆಂದಲ್ಲ. ಬೇರುಹುಳ ಸುಲಭಕ್ಕೆ ಸಾಯುವ ಜೀವವಲ್ಲದ ಕಾರಣ ಜೊತೆಗೂಡಿಸುವುದೇ ಜಾಣತನ. ಅದರ ಉಸಿರಾಟದ ರಂಧ್ರಗಳಿಗೆ ಜರಡಿಯಂಥ ಮುಚ್ಚಳವಿದೆ, ಹಿಕ್ಕೆಯೊಡನೆ ಜಂತುಹುಳುಗಳನ್ನು ಹೊರಹಾಕುತ್ತದೆ, ಕಾಲು ಮತ್ತು ಬಾಯಿಯಿಂದ ಮೈಯನ್ನು ಉಜ್ಜಿ ಕೊಡವುತ್ತದೆ. ಅಮೆರಿಕದ ಹುಲ್ಲುಹಾಸುಗಳಲ್ಲಿ ಇಮಿಡಾಕ್ಲೋಪ್ರಿಡ್ ಮತ್ತು ಜಂತುಹುಳುಗಳನ್ನು ಸೇರಿಸಿ ಬಳಸಿದಾಗ ಫಲಿತಾಂಶ ಬಹಳ ಹೆಚ್ಚಾದದ್ದಕ್ಕೆ ವಿಜ್ಞಾನಿಗಳು ಕೊಟ್ಟ ವಿವರಣೆ ಇದೇ: ಮದ್ದಿನಿಂದ ಜಡವಾದ ಹುಳ ಮೈ ಉಜ್ಜಿಕೊಳ್ಳುವುದನ್ನು ನಿಲ್ಲಿಸಿತು, ಜಂತುಹುಳುವಿಗೆ ದಾರಿ ಸಲೀಸಾಯಿತು. ಮೊದಲು ದುರ್ಬಲಗೊಳಿಸು, ಆಮೇಲೆ ಹೊಡೆ ಎಂಬ ಉಪಾಯ. ನಾನು ವಿನಯದಿಂದ ಕೇಳುವುದಿಷ್ಟೇ: ದುರ್ಬಲಗೊಳಿಸುವ ಆ ಮೊದಲ ಕೆಲಸವನ್ನು ಹಾಲಿಗೆ ಬರಬಹುದಾದ ರಾಸಾಯನಿಕದ ಬದಲು ಇನ್ನೊಂದು ಸೂಕ್ಷ್ಮಜೀವಿಗೆ ಏಕೆ ವಹಿಸಬಾರದು?

ವಹಿಸಬಹುದು ಎಂಬುದಕ್ಕೆ ಸಾಕ್ಷಿಗಳಿವೆ. ಬೆಲ್ಜಿಯಂನಲ್ಲಿ ಹೋಪ್ಲಿಯಾ ಫಿಲಾಂಥಸ್ ಎಂಬ ಹುಲ್ಲಿನ ಬೇರುಹುಳದ ಮೇಲೆ ನಡೆದು 2004ರ ಸುಮಾರಿಗೆ ಪ್ರಕಟವಾದ ಪ್ರಯೋಗಗಳಲ್ಲಿ, ಮೆಟರೈಜಿಯಂ ಕೊಟ್ಟು ಮೂರು ನಾಲ್ಕು ವಾರ ಕಾದು ಜಂತುಹುಳುಗಳನ್ನು ಬಿಟ್ಟಾಗ ಎರಡರ ಒಟ್ಟು ಪರಿಣಾಮ ಬಿಡಿಬಿಡಿ ಪರಿಣಾಮಗಳನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಯಿತು. ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ, ಹಾಲುರೋಗವೆಂದು ಕರೆಯುವ ಬ್ಯಾಕ್ಟೀರಿಯಾ ಸೋಂಕು ತಗಲಿದ ಹುಳಗಳು ಜಂತುಹುಳುಗಳಿಗೆ ಬೇಗ ಬಲಿಯಾದದ್ದು ಕಂಡುಬಂತು. ಆ ಹಾಲುರೋಗದ ಪುಡಿ ಜಪಾನೀ ದುಂಬಿಯ ವಿರುದ್ಧ 1948ರಲ್ಲೇ ಅಮೆರಿಕದಲ್ಲಿ ನೋಂದಣಿಯಾದ ಹಳೆಯ ಜೈವಿಕ ಮದ್ದು. ನ್ಯೂಜಿಲೆಂಡಿನ ಹುಲ್ಲುಗಾವಲುಗಳಲ್ಲಿ ಸೆರಾಷಿಯಾ ಎಂಟಮೋಫಿಲಾ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸಿ 1990ರಲ್ಲಿ ಮಾರುಕಟ್ಟೆಗೆ ತಂದರು. ಅದು ತಗಲಿದ ಹುಳ ಎರಡು ಮೂರು ದಿನಗಳಲ್ಲಿ ಮೇಯುವುದನ್ನು ನಿಲ್ಲಿಸಿ, ಹೊಟ್ಟೆ ಬರಿದಾಗಿ, ಜೇನುಬಣ್ಣಕ್ಕೆ ತಿರುಗುತ್ತದೆ. ಆದರೆ ಅದು ಅಲ್ಲಿಯ ಒಂದೇ ಜಾತಿಯ ಹುಳಕ್ಕೆ ತಗಲುವಂಥದ್ದು. ಇದನ್ನು ಹೇಳಲು ಕಾರಣ, ಹೊರಗಿನ ಬಾಟಲಿಯನ್ನು ತರಿಸಿಕೊಡಿ ಎಂದು ನಾನು ಕೇಳುತ್ತಿಲ್ಲ ಎಂಬುದು ಸ್ಪಷ್ಟವಾಗಲಿ ಎಂದು. ಅವರು ತಮ್ಮ ಹೊಲದ ಸತ್ತ ಹುಳಗಳನ್ನು ಆರಿಸಿ ನೋಡಿ ತಮ್ಮ ಮದ್ದನ್ನು ಕಂಡುಕೊಂಡರು. ನಮ್ಮ ತೋಟಗಳಲ್ಲೂ ಹಸಿರುಗಟ್ಟಿ, ಕೆಂಪಾಗಿ ಸತ್ತ ಹುಳಗಳು ಸಿಗುತ್ತವೆ; ಅವನ್ನು ಕೇಳಿ ಪಡೆಯುವವರು ಬೇಕು.

ನಮ್ಮಲ್ಲಿ ಜ್ಞಾನದ ಕೊರತೆಯಿದೆಯೇ? ಖಂಡಿತ ಇಲ್ಲ, ಮತ್ತು ಬೇಸರವಾಗುವುದು ಅದಕ್ಕೇ. ಕಾಸರಗೋಡಿನಲ್ಲಿ 1916ರಷ್ಟು ಹಿಂದೆಯೇ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆ ಇಂದು ರಾಷ್ಟ್ರಮಟ್ಟದ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿನ ಕುರುವಾಯಿ ದುಂಬಿಯ ವಿರುದ್ಧ ಎರಡು ರೋಗಾಣುಗಳನ್ನು ಜೊತೆಯಾಗಿ ದುಡಿಸುವ ಪದ್ಧತಿ ಇದೇ ನೆಲದಲ್ಲಿ ಬಳಕೆಗೆ ಬಂದಿದೆ: ಗೊಬ್ಬರದ ಗುಂಡಿಯಲ್ಲಿರುವ ಮರಿಗೆ ಮೆಟರೈಜಿಯಂ, ಹಾರಾಡುವ ದುಂಬಿಗೆ ಒರಿಕ್ಟಿಸ್ ವೈರಸ್. ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ಹಂತ. ಎರಡನ್ನೂ ಯಾರೂ ಒಂದೇ ಬಕೆಟಿಗೆ ಹಾಕುವುದಿಲ್ಲ. ಬೇರುಹುಳಕ್ಕೆ ಸ್ಟೈನರ್ನೀಮಾ ಕಾರ್ಪೋಕ್ಯಾಪ್ಸೆ ಜಂತುಹುಳುವನ್ನು ಹೆಕ್ಟೇರಿಗೆ 150 ಕೋಟಿ ಮರಿಗಳ ಲೆಕ್ಕದಲ್ಲಿ ಐದರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಕೊಡುವ ಶಿಫಾರಸೂ ಇಲ್ಲಿಂದಲೇ ಬಂದದ್ದು. ಹೆಟರೋರಾಬ್ಡೈಟಿಸ್ ಇಂಡಿಕಾ ಎಂಬ ಇನ್ನೊಂದು ಜಂತುಹುಳು ಮೊದಲು ಗುರುತಿಸಲ್ಪಟ್ಟದ್ದೇ ಕೊಯಮತ್ತೂರಿನಲ್ಲಿ, 1992ರಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅದನ್ನು ಪುಡಿಯ ರೂಪಕ್ಕೆ ತಂದಿದೆ. ಬಿಡಿಬಿಡಿಯಾಗಿ ಎಲ್ಲವೂ ಇದೆ. ನಮ್ಮ ಮುರಕಲ್ಲು ಮಣ್ಣಿನಲ್ಲಿ, ನಮ್ಮ ಹುಳದ ಮೇಲೆ, ನಮ್ಮ ಮಳೆಯಲ್ಲಿ ಇವನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಹೇಳುವ ಒಂದು ಹಾಳೆ ಮಾತ್ರ ನಮ್ಮ ಕೈಗೆ ಬಂದಿಲ್ಲ.

ಆ ಹಾಳೆಯನ್ನು ಕಚೇರಿಯಲ್ಲಿ ಕುಳಿತು ಬರೆಯಲಾಗುವುದಿಲ್ಲ ಎಂಬುದು ನನಗೆ ಗೊತ್ತು. ನಮ್ಮ ಮಳೆಗಾಲ ಬೆಲ್ಜಿಯಂನ ಬೇಸಿಗೆಯಂತಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗೇ ಬರುತ್ತದೆ. ಎಳೆ ಹುಳ ಮದ್ದಿಗೆ ಬೇಗ ಬಗ್ಗುವುದು ಜುಲೈ, ಆಗಸ್ಟ್‌ನಲ್ಲಿ. ಆದರೆ ಆಗ ಇಳಿಜಾರಿನ ತೋಟದಲ್ಲಿ ನೀರು ಹರಿದು ಜಂತುಹುಳುಗಳನ್ನು ಕಣಿಗೆ ಒಯ್ಯುತ್ತದೆ, ತಗ್ಗಿನ ತೋಟದಲ್ಲಿ ನೀರು ನಿಂತು ಉಸಿರುಕಟ್ಟಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಣ್ಣಿನ ಹದ ಜಂತುಹುಳುಗಳಿಗೆ ಸರಿಯಾಗಿರುತ್ತದೆ. ಅಷ್ಟರಲ್ಲಿ ಹುಳ ಬಲಿತಿರುತ್ತದೆ. ಹೀಗಿರುವಾಗ ಬೀಜಕದ ರೂಪದಲ್ಲಿ ಮಣ್ಣಿನಲ್ಲಿ ಕಾದಿರಬಲ್ಲ ಶಿಲೀಂಧ್ರವನ್ನು ಹಟ್ಟಿಗೊಬ್ಬರದಲ್ಲಿ ಬೆರೆಸಿ ಹುಲ್ಲಿನ ಸಾಲಿಗೆ ಮೊದಲು ಸೇರಿಸಿ, ಮಳೆಯ ಬಿರುಸು ಇಳಿದ ಮೇಲೆ ಸಂಜೆಯ ಹೊತ್ತು ಜಂತುಹುಳು ಕೊಡುವ ಕ್ರಮ ನಮ್ಮ ಹವೆಗೆ ಹೊಂದುತ್ತದೆ ಎಂದು ನನಗೆ ತೋರುತ್ತದೆ. ಆದರೆ ಒಬ್ಬ ಕೃಷಿಕನಿಗೆ ತೋರಿದ್ದು ಶಿಫಾರಸಾಗಬಾರದು, ಅದು ಪರೀಕ್ಷೆಯಾಗಬೇಕು.

ಇನ್ನೊಂದು ತೊಡಕು ನಮ್ಮ ಕೊಳೆರೋಗದ ಮದ್ದು. ಮುಂಗಾರಿಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ, ಶೇಕಡಾ ಒಂದರ ಬೋರ್ಡೋ ಮಿಶ್ರಣವನ್ನು (ಮೈಲುತುತ್ತು ಮತ್ತು ಸುಣ್ಣದ ದ್ರಾವಣ) ಅಡಿಕೆ ಗೊನೆಗೆ ಬಿಡದೆ ಇಲ್ಲಿ ಯಾರಿಗೂ ಫಸಲು ಉಳಿಯುವುದಿಲ್ಲ. ಆ ಮೈಲುತುತ್ತು ಗೊನೆಯಿಂದ ತೊಟ್ಟಿಕ್ಕಿ ಬೀಳುವುದು ಕೆಳಗಿನ ಹುಲ್ಲಿನ ಬುಡಕ್ಕೇ. ಅದರಲ್ಲಿರುವ ತಾಮ್ರ ಶಿಲೀಂಧ್ರನಾಶಕ; ಕೊಳೆರೋಗದ ರೋಗಾಣು ಯಾವುದು, ನಾವು ದುಡ್ಡು ಕೊಟ್ಟು ತಂದು ಹಾಕಿದ ಮೆಟರೈಜಿಯಂ ಯಾವುದು ಎಂಬ ಭೇದ ಅದಕ್ಕಿಲ್ಲ. ದಶಕಗಳಿಂದ ಬೋರ್ಡೋ ಬಿದ್ದ ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರ ಶೇಖರವಾಗುತ್ತ ಬಂದಿರುವುದೂ ತಮಗೆ ತಿಳಿದದ್ದೇ. ಮದ್ದು ಬಿಟ್ಟ ಎಷ್ಟು ದಿನಗಳ ಮೇಲೆ ಮೆಟರೈಜಿಯಂ ಹಾಕಬಹುದು, ಯಾವ ತಳಿ ತಾಮ್ರವನ್ನು ಹೆಚ್ಚು ತಾಳುತ್ತದೆ, ಮಣ್ಣಿನೊಳಗೆ ಎಷ್ಟು ಆಳಕ್ಕೆ ಸೇರಿಸಿದರೆ ಅದು ಸುರಕ್ಷಿತ? ಅಡಿಕೆ ಕೃಷಿಕರಿಗೆ ಜೈವಿಕ ಮದ್ದು ಹಂಚುವ ಯಾವುದೇ ಯೋಜನೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳದೆ ಹೊರಟರೆ, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಗುತ್ತದೆ.

ಮದ್ದಿನ ಗುಣಮಟ್ಟದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಮೆಟರೈಜಿಯಂ, ಬ್ಯುವೇರಿಯಾದಂಥ ಹುಳ ಕೊಲ್ಲುವ ಶಿಲೀಂಧ್ರದ ಪುಡಿಯಲ್ಲಿ ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಂತ ಘಟಕಗಳಿರಬೇಕೆಂದು ನಿಯಮವಿದೆ. ಪ್ಯಾಕೆಟ್ ಕಾರ್ಖಾನೆಯಿಂದ ಹೊರಡುವಾಗ ಇದ್ದ ಸಂಖ್ಯೆ ಏಪ್ರಿಲ್ ತಿಂಗಳ ಗೋದಾಮಿನಲ್ಲಿ ಕಳೆದ ಮೇಲೂ ಇರುತ್ತದೆಯೇ ಎಂದು ನೋಡುವವರು ಯಾರು? ಜಂತುಹುಳುಗಳದ್ದು ಇನ್ನೂ ನಾಜೂಕಿನ ವಿಷಯ. ಬಿಸಿಲೂ ಸೆಕೆಯೂ ಅವಕ್ಕೆ ಆಗದು. ಅವನ್ನು ಕಲಸಿದ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಅಲುಗಾಡುತ್ತಿವೆಯೋ ಇಲ್ಲವೋ ತಿಳಿಯುತ್ತದೆ. ಇಷ್ಟನ್ನು ವಿತರಣೆಯ ಮೇಜಿನ ಮೇಲೆಯೇ ಕೃಷಿಕರ ಮುಂದೆ ಮಾಡಿ ತೋರಿಸಲು ಬೇಕಾಗುವುದು ಐದು ನಿಮಿಷ.

ಇನ್ನು ನಮ್ಮ ಕೋರಿಕೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ಈ ಜಿಲ್ಲೆಯ ಕೃಷಿಕರ ತೋಟಗಳಲ್ಲೇ, ಮೇವಿನ ಹುಲ್ಲಿರುವ ತಾಕುಗಳಲ್ಲಿ, ಒಂದು ನೇರವಾದ ಪ್ರಯೋಗ ನಡೆಯಬೇಕು. ಶಿಲೀಂಧ್ರ ಮಾತ್ರ, ಜಂತುಹುಳು ಮಾತ್ರ, ಎರಡೂ ಒಂದೇ ದಿನ, ಶಿಲೀಂಧ್ರ ಮೊದಲು ಮತ್ತು ಮೂರು ನಾಲ್ಕು ವಾರಗಳ ಬಳಿಕ ಜಂತುಹುಳು, ಹಾಗೂ ಏನೂ ಹಾಕದ ತಾಕು ಹೀಗೆ ಬೇರೆ ಬೇರೆಯಾಗಿ ಮಾಡಿ ನೋಡಬೇಕು. ಫಲಿತಾಂಶವನ್ನು ಅಳೆಯುವಾಗ “ಎರಡೂ ಹಾಕಿದ್ದರಿಂದ ಹುಳ ಕಡಿಮೆಯಾಯಿತು” ಎಂದಷ್ಟೇ ಹೇಳಿದರೆ ಸಾಲದು. ಉದಾಹರಣೆಗೆ ಶಿಲೀಂಧ್ರವೊಂದೇ ನೂರರಲ್ಲಿ ಮೂವತ್ತು ಹುಳ, ಜಂತುಹುಳುವೊಂದೇ ನಲವತ್ತು ಹುಳ ಕೊಲ್ಲುವುದಾದರೆ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿಯಾಗದೆ ದುಡಿದರೂ ಸಾಯಬೇಕಾದದ್ದು ಐವತ್ತೆಂಟು: ಮೂವತ್ತು ಹೋಗಿ ಉಳಿದ ಎಪ್ಪತ್ತರಲ್ಲಿ ಶೇಕಡಾ ನಲವತ್ತು, ಅಂದರೆ ಇಪ್ಪತ್ತೆಂಟು. ಅದಕ್ಕಿಂತ ಹೆಚ್ಚು ಸತ್ತರೆ ಮಾತ್ರ ಒಂದು ಇನ್ನೊಂದಕ್ಕೆ ಬಲ ಕೊಟ್ಟಿತೆಂದು ಅರ್ಥ. ಕಡಿಮೆ ಸತ್ತರೆ ಒಂದು ಇನ್ನೊಂದನ್ನು ಕೆಡಿಸಿತೆಂದು. ಈ ಲೆಕ್ಕ ನಮಗೂ ಅರ್ಥವಾಗುತ್ತದೆ, ದಯವಿಟ್ಟು ಅದನ್ನು ನಮ್ಮ ಮುಂದೆಯೇ ಮಾಡಿ. ಸ್ಟೈನರ್ನೀಮಾ ಕಾರ್ಪೋಕ್ಯಾಪ್ಸೆ ಹೆಚ್ಚಾಗಿ ಮಣ್ಣಿನ ಮೇಲ್ಪದರದಲ್ಲಿ ಕಾದು ಕುಳಿತು ಬೇಟೆ ಹಿಡಿಯುವ ಸ್ವಭಾವದ್ದು, ಹೆಟರೋರಾಬ್ಡೈಟಿಸ್ ಹುಡುಕಿಕೊಂಡು ಹೋಗುವಂಥದ್ದು ಎನ್ನುವುದರಿಂದ, ಆಳದಲ್ಲಿರುವ ನಮ್ಮ ಹುಳಕ್ಕೆ ಯಾವುದು ಸೂಕ್ತವೆಂಬುದನ್ನೂ ಅದೇ ಪ್ರಯೋಗದಲ್ಲಿ ಹೋಲಿಸಬಹುದು. ಮಣ್ಣಿನಲ್ಲಿ ನೆಲೆಯೂರುವ ಶಿಲೀಂಧ್ರದ ಗುಣ ಒಂದೇ ವರ್ಷದಲ್ಲಿ ತಿಳಿಯುವಂಥದ್ದಲ್ಲವಾದ್ದರಿಂದ ಕಡಿಮೆಯೆಂದರೆ ಎರಡು ಮಳೆಗಾಲವಾದರೂ ನೋಡಬೇಕು, ಮತ್ತು ಫಲಿತಾಂಶ ವಿಫಲವಾದರೆ ಅದನ್ನೂ ಪ್ರಕಟಿಸಬೇಕು. ಇದಕ್ಕೆ ತಾಕು ಬಿಟ್ಟುಕೊಡಲು ನಾನೂ ನನ್ನ ನೆರೆಕರೆಯ ಕೆಲವರೂ ಸಿದ್ಧರಿದ್ದೇವೆ.

ಎರಡನೆಯದಾಗಿ, ಪ್ರಯೋಗದ ಫಲ ಬರುವ ತನಕ ಎಲ್ಲವನ್ನೂ ಒಂದೇ ಡ್ರಮ್ಮಿಗೆ ಹಾಕುವ ಪಾಠವನ್ನು ಶಿಬಿರಗಳಲ್ಲಿ ನಿಲ್ಲಿಸಬೇಕು. ಇದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ಜಂತುಹುಳುಗಳನ್ನು ದೂರದಿಂದ ತರಿಸುವ ಬದಲು ಇಲ್ಲಿಯೇ ಬೆಳೆಸುವ ವ್ಯವಸ್ಥೆಯಾಗಬೇಕೆಂದೂ ಕೇಳಿಕೊಳ್ಳುತ್ತೇವೆ. ಅವನ್ನು ಬೆಳೆಸುವುದು ಮೇಣದ ಪತಂಗದ ಹುಳದ ಮೇಲೆ. ಖಾಲಿ ಜೇನುಪೆಟ್ಟಿಗೆಯ ಎರಿ ತಿಂದು ಬಲೆ ಕಟ್ಟುವ ಆ ಹುಳ ಜೇನು ಸಾಕುವ ನಮ್ಮ ಮನೆಗಳಿಗೆ ಹೊಸದಲ್ಲ. ತರಬೇತಿ ಕೊಟ್ಟರೆ ಮಹಿಳಾ ಸ್ವಸಹಾಯ ಗುಂಪುಗಳು ಇದನ್ನು ಮಾಡಬಲ್ಲವು. ಸೋಂಕು ತಗಲಿದ ಆ ಪತಂಗದ ಹುಳವನ್ನೇ ನೇರವಾಗಿ ಬುಡದ ಮಣ್ಣಿಗೆ ಸೇರಿಸಿದರೆ ಸಾಗಾಟದ ಬಿಸಿಲೂ ಇಲ್ಲ, ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುವ ತೊಂದರೆಯೂ ಇಲ್ಲ.

ಮೇವಿನ ಹುಲ್ಲಿನ ಬೇರುಹುಳದ ಹೊಣೆ ಯಾವ ಇಲಾಖೆಯದೆಂದು ಲಿಖಿತವಾಗಿ ನಿರ್ಧಾರವಾಗಬೇಕು. ಜೂನ್ ತಿಂಗಳ ಮುಸ್ಸಂಜೆ ದುಂಬಿ ಹಿಡಿಯುವ ಕೆಲಸವನ್ನು ಊರೊಟ್ಟಾಗಿ ಮಾಡಲು ಪಂಚಾಯತುಗಳು ಮುಂದಾದರೆ ಬಹಳ ಒಳ್ಳೆಯದು. ಒಂದು ತೋಟದವ ಹಿಡಿದು ಪಕ್ಕದವ ಬಿಟ್ಟರೆ ಶ್ರಮ ವ್ಯರ್ಥ. ಸೂಚನೆಗಳೆಲ್ಲ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರಲಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಅದು ಕಾನೂನು ಕೊಟ್ಟ ಹಕ್ಕು ಎಂಬುದಕ್ಕಿಂತಲೂ, ಪ್ರಮಾಣವನ್ನೂ ದಿನಗಳ ಅಂತರವನ್ನೂ ತಪ್ಪಾಗಿ ಓದಿಕೊಂಡರೆ ಮದ್ದು ಹಾಳಾಗುತ್ತದೆ ಎಂಬ ಕಾರಣಕ್ಕೆ ಕೇಳುತ್ತಿದ್ದೇನೆ.

ಮುಂದಿನ ಮುಂಗಾರಿಗೆ ಹಟ್ಟಿಗೊಬ್ಬರ ಹಾಕುವ ಮೊದಲೇ, ಅಂದರೆ ಏಪ್ರಿಲ್ ಕೊನೆಯೊಳಗೆ, ಈ ಪ್ರಯೋಗದ ಬಗ್ಗೆ ಒಂದು ತೀರ್ಮಾನವಾದರೆ ಮಾತ್ರ ಆ ವರ್ಷದ ಹುಳದ ಮೇಲೆ ಅದನ್ನು ಮಾಡಲು ಸಾಧ್ಯ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ. ಆದ್ದರಿಂದ ಈ ಪತ್ರಕ್ಕೆ ಉತ್ತರವನ್ನು, ಸಾಧ್ಯವಿಲ್ಲವೆಂಬ ಉತ್ತರವಾದರೂ ಸರಿ ಕಾರಣ ಸಹಿತವಾಗಿ, ಅಷ್ಟರೊಳಗೆ ಬಹಿರಂಗವಾಗಿ ನೀಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಎಣ್ಮಕಜೆ ಸೀಮೆಯ ಒಬ್ಬ ಅಡಿಕೆ ಕೃಷಿಕ ಮತ್ತು ಹೈನುಗಾರ